ಹಾಲು ಬಿಡಿಸುವ ಮೊದಲು ತಟ್ಟೆ ಇಡಿ

‘ಡಾಕ್ಟ್ರೇ, ಒಂದೂವರೆ ವರ್ಷ ಆಯ್ತು, ಊಟಾನೇ ಮಾಡಲ್ಲ, ಬರೀ ನನ್ನ ಹಾಲು. ಬಿಡಿಸಿಬಿಟ್ರೆ ಹಸಿವಾಗಿ ತಾನೇ ತಿಂತಾನೆ ಅಲ್ವಾ?’ ಮಕ್ಕಳ ಹೊರರೋಗಿ ವಿಭಾಗದಲ್ಲಿ ಈ ಮಾತು ಕೇಳದ ವಾರವಿಲ್ಲ. ಎಷ್ಟೋ ಮನೆಗಳಲ್ಲಿ ನಮ್ಮನ್ನು ಕೇಳುವ ಮೊದಲೇ ಮೊಲೆತೊಟ್ಟಿಗೆ ಬೇವಿನ ರಸವೋ ಲೋಳೆಸರವೋ ಹಚ್ಚಿ ಆಗಿರುತ್ತದೆ. ಇಲ್ಲವೇ ಮಗುವನ್ನು ನಾಲ್ಕು ದಿನ ಅಜ್ಜಿ ಮನೆಗೆ ಕಳಿಸಿರುತ್ತಾರೆ.

ದಯವಿಟ್ಟು ಹೀಗೆ ಮಾಡಬೇಡಿ. ಹಾಲು ಬಿಡುವುದು ಬೇರೆ, ಊಟ ಕಲಿಯುವುದು ಬೇರೆ. ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ ಅನ್ನ, ರಾಗಿ ಸರಿ ಬಿಟ್ಟು ಬೇರೇನೂ ಕಾಣದ ಮಗುವಿಗೆ ಎದೆಹಾಲು ನಿಂತ ಮಾತ್ರಕ್ಕೆ ಅಗಿಯಲು ಬಂದುಬಿಡುವುದಿಲ್ಲ. ಅದು ಬಾಟಲಿ ಕೇಳುತ್ತದೆ. ಅಳು ತಡೆಯಲಾರದೆ ಮನೆಯವರೂ ಕೊಡುತ್ತಾರೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಎರಡು. ದಿನಕ್ಕೆ ಮುಕ್ಕಾಲು ಲೀಟರು ಹಸುವಿನ ಹಾಲು ತುಂಬಿದ ಹೊಟ್ಟೆಯಲ್ಲಿ ಊಟಕ್ಕೆ ಜಾಗವೆಲ್ಲಿ? ಹಸುವಿನ ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ, ಬೇರೆ ಆಹಾರದ ಕಬ್ಬಿಣವನ್ನು ಮೈ ಹೀರಿಕೊಳ್ಳುವುದಕ್ಕೂ ಅದು ಅಡ್ಡಿ. ಕೆಲವು ತಿಂಗಳಲ್ಲಿ ಮಗು ಬಿಳಿಚಿಕೊಳ್ಳುತ್ತದೆ, ಮಲ ಗಟ್ಟಿಯಾಗುತ್ತದೆ, ರಕ್ತ ಕಡಿಮೆಯಾದಂತೆ ಇದ್ದಬದ್ದ ಹಸಿವೂ ಹೋಗುತ್ತದೆ. ಎದೆಹಾಲು ಬಿಟ್ಟ ಮಗುವಿಗೂ ದಿನಕ್ಕೆ ಎರಡು ಲೋಟ, ಅಂದರೆ 400 ಮಿಲಿ ಹಾಲು ಸಾಕು. ಅದೂ ಬಾಟಲಿಯಲ್ಲಲ್ಲ, ಲೋಟದಲ್ಲಿ.

ಎರಡು ವರ್ಷ ಮತ್ತು ಅದರಾಚೆಗೂ ಎದೆಹಾಲು ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಎರಡನೇ ವರ್ಷದಲ್ಲಿ ಮಗುವಿಗೆ ಬೇಕಾದ ಶಕ್ತಿಯ ಸುಮಾರು ಮೂರನೇ ಒಂದು ಪಾಲು ಅದರಿಂದಲೇ ಬರಬಲ್ಲದು. ಹಾಗಾಗಿ ಮೊದಲ ಎರಡು ವಾರ ಹಾಲು ಕಡಿಮೆ ಮಾಡಬೇಡಿ, ಹೊತ್ತು ಮಾತ್ರ ಬದಲಿಸಿ. ಊಟಕ್ಕೆ ಎರಡು ಗಂಟೆ ಮುಂಚಿನಿಂದ ಹಾಲು, ಬಿಸ್ಕತ್ತು, ಜ್ಯೂಸ್ ಯಾವುದೂ ಬೇಡ. ಹಾಲೇನಿದ್ದರೂ ಊಟ ಆದ ಮೇಲೆ.

ಇನ್ನು ತಟ್ಟೆ. ನೆಲಕ್ಕೆ ಹಳೆ ಬೆಡ್‌ಶೀಟ್ ಹಾಸಿ, ಮಗುವನ್ನು ನಿಮ್ಮ ಜೊತೆಗೇ ಊಟಕ್ಕೆ ಕೂರಿಸಿ. ಅಂಚು ಎತ್ತರವಿರುವ ಸ್ಟೀಲ್ ತಟ್ಟೆ, ಗಿಡ್ಡ ಹಿಡಿಯ ಚಮಚ, ಎರಡೇ ತುತ್ತು ಊಟ. ಮಗು ಚಮಚವನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ. ಬಾಯಿ ಹತ್ತಿರ ಬರುವಷ್ಟರಲ್ಲಿ ಮಣಿಕಟ್ಟು ತಿರುಗಿ ಚಮಚ ಮಗುಚಿಕೊಳ್ಳುತ್ತದೆ, ತುತ್ತು ಮಡಿಲಿಗೆ. ಇದು ಹಟವಲ್ಲ, ಮಣಿಕಟ್ಟು ಇನ್ನೂ ಪಳಗಿಲ್ಲ, ಅಷ್ಟೇ. ಅದಕ್ಕೇ ಮೊದಲಿಗೆ ಸಾರನ್ನ ಕೊಡಬೇಡಿ. ಮೊಸರನ್ನವನ್ನು ಚಮಚ ಮಗುಚಿದರೂ ಅಂಟಿಕೊಂಡಿರುವಷ್ಟು ಗಟ್ಟಿಯಾಗಿ ಕಲಸಿ ಕೊಡಿ. ಇನ್ನೊಂದು ಚಮಚ ನಿಮ್ಮ ಕೈಯಲ್ಲಿರಲಿ, ಅದು ಒಂದು ತುತ್ತು ತಿಂದರೆ ನೀವೊಂದು ತುತ್ತು ತಿನ್ನಿಸಿ. ಕೈಯಿಂದಲೇ ತಿನ್ನಲು ಬೆರಳುದ್ದದ ಇಡ್ಲಿ ತುಂಡು, ಬೇಯಿಸಿದ ಗೆಣಸು, ತೊವ್ವೆಯಲ್ಲಿ ನೆನೆಸಿದ ಚಪಾತಿ, ಬೇಯಿಸಿದ ಮೊಟ್ಟೆ ಆಗುತ್ತದೆ. ಮುದ್ದೆಯನ್ನು ನಾವು ನುಂಗುವ ಹಾಗೆ ಉಂಡೆ ಮಾಡಿ ಕೊಡಬೇಡಿ, ಹಿಚುಕಿ ಸಾರಿನಲ್ಲಿ ಕಲಸಿ ಕೊಡಿ. ಕಡಲೆಬೀಜ, ಹುರಿಗಡಲೆ, ಇಡೀ ದ್ರಾಕ್ಷಿ, ಕೊಬ್ಬರಿ ಚೂರು ಹತ್ತಿರ ಸುಳಿಯಬಾರದು. ತಿನ್ನುವಾಗ ಮಗು ಓಕರಿಸಿದರೆ, ಕೆಮ್ಮಿದರೆ ಗಾಬರಿ ಬೇಡ. ದನಿಯೇ ಹೊರಡದಿದ್ದರೆ, ತುಟಿ ನೀಲಿಗಟ್ಟಿದರೆ ಅದು ಅಪಾಯ.

ಹೊತ್ತಿಗೆ ಅರ್ಧ ಗಂಟೆ ಸಾಕು, ಆಮೇಲೆ ತಟ್ಟೆ ಎತ್ತಿಬಿಡಿ. ಮೊಬೈಲ್ ತೋರಿಸಿ ತುರುಕಿದ ಊಟದಲ್ಲಿ ಮಗು ಕಲಿಯುವುದು ಏನೂ ಇಲ್ಲ. ಎರಡನೇ ವರ್ಷದಲ್ಲಿ ತೂಕ ಏರುವುದೇ ಇಡೀ ವರ್ಷಕ್ಕೆ ಎರಡು, ಎರಡೂವರೆ ಕಿಲೋ. ಮೊದಲಿನಷ್ಟು ಹಸಿವಿಲ್ಲದಿರುವುದು ಸಹಜ.

ತಟ್ಟೆ ಒಗ್ಗಿದ ಮೇಲೆ ಹಾಲು ಬಿಡಿಸಲು ಶುರುಮಾಡಿ. ಮಗು ಆಟದ ನಡುವೆ ಸುಮ್ಮನೆ ಬಂದು ಕುಡಿಯುವ ಹೊತ್ತಿದೆಯಲ್ಲ, ಬೆಳಿಗ್ಗೆ ಹನ್ನೊಂದರದ್ದು, ಅದನ್ನು ಮೊದಲು ತಪ್ಪಿಸಿ. ಆ ಹೊತ್ತಿಗೆ ಬಾಳೆಹಣ್ಣು ಕೊಡಿ. ಐದರಿಂದ ಏಳು ದಿನ ಬಿಟ್ಟು ಇನ್ನೊಂದು ಹೊತ್ತು. ಒಮ್ಮೆಲೇ ನಿಲ್ಲಿಸಿದರೆ ಎದೆಯಲ್ಲಿ ಹಾಲು ಕಟ್ಟುತ್ತದೆ. ಬಿಗಿತ ಸಡಿಲವಾಗುವಷ್ಟು ಮಾತ್ರ ಕೈಯಿಂದ ಹಿಂಡಿ, ಪೂರ್ತಿ ಹಿಂಡಿದರೆ ಮತ್ತೆ ಅಷ್ಟೇ ತುಂಬಿಕೊಳ್ಳುತ್ತದೆ. ಒಂದು ಕಡೆ ಕೆಂಪಾಗಿ, ಗಟ್ಟಿಯಾಗಿ, ಜ್ವರ ಬಂದರೆ ಅದೇ ದಿನ ವೈದ್ಯರಿಗೆ ತೋರಿಸಿ. ಮಗುವಿಗೆ ಭೇದಿ, ಜ್ವರ ಇರುವಾಗ, ನೀವು ಕೆಲಸಕ್ಕೆ ಮರಳುವ ವಾರದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ತಿಂಗಳಾದರೂ ತೂಕ ಏರದಿದ್ದರೆ, ಮಗು ಬಿಳಿಚಿಕೊಂಡಿದ್ದರೆ ಮೊದಲು ರಕ್ತ ಪರೀಕ್ಷೆ ಆಗಲಿ.

ಮಲಗುವಾಗಿನ ಹಾಲು ಎಲ್ಲಕ್ಕಿಂತ ಕೊನೆಗೆ. ಅದನ್ನು ಬಿಡಿಸುವ ಮೊದಲ ಮೂರ್ನಾಲ್ಕು ರಾತ್ರಿ ಅಪ್ಪ ಪಕ್ಕದಲ್ಲಿ ಮಲಗಿ ಬೆನ್ನು ತಟ್ಟಲಿ. ಮಗು ಅತ್ತೀತು, ಆದರೆ ಬೆಳಿಗ್ಗೆ ಎದ್ದಾಗ ಅಮ್ಮ ಎತ್ತಿಕೊಳ್ಳಲು ಅಲ್ಲೇ ಇರಬೇಕು.