ಪ್ಲೇಟು ಧುಮುಕುವುದು ನಿಂತ ಮೇಲೆ

ಮಲ್ಪೆಯಿಂದ ಬೋಟು ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಲ್ಲಿ ಹಲವರು ಆ ಕಲ್ಲಿನ ಕಂಬಗಳನ್ನು ನೋಡಿ, ಕೆಳಗೆ ಈಗಲೂ ಬೆಂಕಿ ಇದೆಯಾ ಎಂದು ಕೇಳುತ್ತಾರೆ. ಇಲ್ಲ. ಆ ಲಾವಾ ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಹೊತ್ತಿಗೆ ಹರಿದದ್ದು. ಉಡುಪಿಯ ನೆಲವೂ ಅದರ ಮುಂದಿನ ಕಡಲ ತಳವೂ ಒಂದೇ ಪ್ಲೇಟು, ಅಂದರೆ ಭೂಮಿಯ ಗಟ್ಟಿ ಹೊರಪದರದ ನಿಧಾನ ಸರಿಯುವ ಒಂದೇ ತುಂಡು. ಇಲ್ಲಿ ಒಂದರ ಕೆಳಗೆ ಇನ್ನೊಂದು ಧುಮುಕುತ್ತಿಲ್ಲ.

ಕ್ಯಾಲಿಫೋರ್ನಿಯಾದ ಕರಾವಳಿ ಹಾಗಲ್ಲ. ಅಲ್ಲಿ ಫರಲಾನ್ ಎಂಬ ಕಡಲ ಪ್ಲೇಟು ಕೋಟಿಗಟ್ಟಲೆ ವರ್ಷ ಖಂಡದ ಅಡಿಗೆ ನುಗ್ಗುತ್ತಿತ್ತು. ಸುಮಾರು 2.8 ಕೋಟಿ ವರ್ಷ ಹಿಂದೆ, ಅದನ್ನು ಹುಟ್ಟಿಸುತ್ತಿದ್ದ ಕಡಲೊಳಗಿನ ಬೆಟ್ಟಸಾಲೇ ದಡಕ್ಕೆ ಬಂದು ತಾಗಿತು. ಆ ಭಾಗದಲ್ಲಿ ನುಗ್ಗುವುದು ನಿಂತಿತು. ಇನ್ನು ಎಲ್ಲ ತಣ್ಣಗಾಯಿತು ಅಂದುಕೊಳ್ಳುತ್ತೇವೆ, ಅಲ್ವಾ? ಆದದ್ದು ಉಲ್ಟಾ.

ಅಡಿಗೆ ಇಳಿದ ಪ್ಲೇಟು ಬೆಂಕಿಯ ಮುಂದೆ ಹಿಡಿದ ಒದ್ದೆ ಗೋಣಿಯ ಹಾಗೆ. ಪ್ಲೇಟುಗಳ ಕೆಳಗಿರುವ ಬಿಸಿ ಕಲ್ಲಿನ ಪದರ, ಅಂದರೆ ಮ್ಯಾಂಟಲ್‌ನ ಶಾಖ ಖಂಡದ ತಳಕ್ಕೆ ನೇರ ತಾಗಲು ಬಿಡುವುದಿಲ್ಲ. ಜೊತೆಗೆ ನೀರು ಬಿಡುತ್ತದೆ. ನೀರು ಸೇರಿದ ಬಿಸಿ ಕಲ್ಲು ಕಡಿಮೆ ಶಾಖಕ್ಕೇ ಕರಗುತ್ತದೆ. ಕರಾವಳಿಯ ಗುಂಟ ಜ್ವಾಲಾಮುಖಿಗಳ ಸಾಲು ಏಳುವುದು ಹೀಗೆ. ನುಗ್ಗುವುದು ನಿಂತು, ಹಿಂದಿನಿಂದ ಹೊಸ ಪ್ಲೇಟು ಬಾರದೆ ಗೋಣಿ ಹರಿದರೆ? ನೀರು ನಿಂತು ಆ ಸಾಲು ಆರುತ್ತದೆ. ಆದರೆ ಹರಿದ ಕಂಡಿಯಲ್ಲಿ ಬಿಸಿ ಮ್ಯಾಂಟಲ್ ಮೇಲೇರುತ್ತದೆ. ಏರಿದಷ್ಟೂ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ನೀರಿಲ್ಲದೆಯೂ ಕಲ್ಲು ಕರಗುತ್ತದೆ! ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಕ್ಲಿಯರ್ ಲೇಕ್‌ನ ಲಾವಾ ಇಂಥ ಕಂಡಿಯದ್ದು.

ಫರಲಾನ್ ಮರೆಯಾದ ಕಡೆ, ಬೆಟ್ಟಸಾಲಿನ ಆಚೆ ಬದಿಯಲ್ಲಿದ್ದ ಪೆಸಿಫಿಕ್ ಪ್ಲೇಟು ಉತ್ತರ ಅಮೆರಿಕಕ್ಕೆ ನೇರ ತಾಗಿತು. ಅದು ಸರಿಯುವುದು ವಾಯವ್ಯಕ್ಕೆ. ಹಾಗಾಗಿ ನುಗ್ಗುವ ಬದಲು ಪಕ್ಕಕ್ಕೆ ಉಜ್ಜತೊಡಗಿತು. ಸುಮಾರು 1200 ಕಿ.ಮೀ. ಉದ್ದದ ಸ್ಯಾನ್ ಆಂಡ್ರಿಯಾಸ್ ಬಿರುಕು ಹುಟ್ಟಿತು. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋವನ್ನು ನಡುಗಿಸಿದ್ದು ಅದೇ ಬಿರುಕು. ಯಾವ ಗ್ರಹಣವೂ ಅಲ್ಲ. ಗ್ರಹಣ ಬಂದಾಗೆಲ್ಲ ಭೂಕಂಪದ ಮೆಸೇಜು ಹರಿದಾಡುವುದು ನೋಡಿದರೆ ಸಂಕಟವಾಗುತ್ತದೆ.

ಬೆಟ್ಟಸಾಲು ದಡ ಮುಟ್ಟಿದ ಈ ಕಥೆಯನ್ನು 1970ರಲ್ಲಿ ಜೋಡಿಸಿ ತೋರಿಸಿದವರು ಭೂವಿಜ್ಞಾನಿ ತಾನ್ಯಾ ಅಟ್ವಾಟರ್. ಕಡಲ ತಳದ ಕಲ್ಲಿನಲ್ಲಿ ಉಳಿದ ಕಾಂತೀಯ ಪಟ್ಟಿಗಳೇ ಅವರ ಪುರಾವೆ. ಪ್ಲೇಟುಗಳ ಸಿದ್ಧಾಂತಕ್ಕೆ ಆಗಿನ್ನೂ ಕೆಲವೇ ವರ್ಷ. ಎಂಥ ಧೈರ್ಯ!

ಒಳನಾಡಿನ ನೆವಾಡಾದಲ್ಲಿ, ಹಿಂದೆ ಒತ್ತಿ ದಪ್ಪಗಾಗಿದ್ದ ನೆಲ ನೂಕು ಸಡಿಲವಾದಂತೆ ಹಿಗ್ಗಿ ಸೀಳಿತು. ಈಗ ಅಲ್ಲಿ ಬೆಟ್ಟ, ಕಣಿವೆ, ಮತ್ತೆ ಬೆಟ್ಟ. ಅಗಲ ಮೊದಲಿಗಿಂತ ಸುಮಾರು ಎರಡರಷ್ಟು.

ಫರಲಾನ್‌ನ ಒಂದು ತುಂಡು, ಹುವಾನ್ ಡೆ ಫುಕಾ, ಉತ್ತರದಲ್ಲಿ ಈಗಲೂ ಧುಮುಕುತ್ತಿದೆ. ಅದಕ್ಕೇ ಅಲ್ಲಿ ಜ್ವಾಲಾಮುಖಿಗಳು ಜೀವಂತ. 1914ರಲ್ಲಿ ಸಿಡಿಯತೊಡಗಿದ ಲಾಸೆನ್ ಶಿಖರ ಆ ಸಾಲಿನ ದಕ್ಷಿಣದ ತುದಿ. ಆ ತುಂಡಿನ ದಕ್ಷಿಣದ ಅಂಚು ವರ್ಷಕ್ಕೆ ಕೆಲವು ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತಿದೆ. ಹಾಗಾಗಿ ಮೊದಲು ನೀರು ತಪ್ಪುವುದು ಲಾಸೆನ್‌ಗೆ.