127.0.0.1 ಅಂದರೆ ಯಾರು?

ಲಿನಕ್ಸ್ ಗೆಸ್ಟ್ (ನಿಮ್ಮ ಕಂಪ್ಯೂಟರ್ ಒಳಗೆ ಓಡುವ ವರ್ಚುವಲ್ ಮಷೀನ್) ಒಳಗೆ ವೆಬ್ ಸರ್ವರ್ ಶುರು ಮಾಡುತ್ತೀರಿ. ಅಲ್ಲೇ 127.0.0.1 ತೆರೆದರೆ ಪುಟ ಬರುತ್ತದೆ. ಹೋಸ್ಟ್‌ನ, ಅಂದರೆ ಗೆಸ್ಟ್ ಓಡಿಸುವ ನಿಜವಾದ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಅದೇ ವಿಳಾಸ ಹಾಕಿದರೆ ಏನೂ ಬರುವುದಿಲ್ಲ. ಮೊದಲ ಅನುಮಾನ ಫೈರ್‌ವಾಲ್ ಮೇಲೆ, ಅಲ್ವಾ? ಕಾರಣ ಅದಕ್ಕಿಂತ ಹಳೆಯದು.

ಇಂಟರ್ನೆಟ್ ನಿಯಮಗಳ ದಾಖಲೆಗಳಲ್ಲಿ ಒಂದಾದ 1986ರ ಆರ್‌ಎಫ್‌ಸಿ 990, 127ರಿಂದ ಶುರುವಾಗುವ ಎಲ್ಲ ವಿಳಾಸಗಳನ್ನೂ ಲೂಪ್‌ಬ್ಯಾಕ್‌ಗೆ, ಅಂದರೆ ಯಂತ್ರ ತನ್ನೊಂದಿಗೆ ತಾನೇ ಮಾತಾಡುವುದಕ್ಕೆ ಎತ್ತಿಟ್ಟಿತು. 1.6 ಕೋಟಿಗೂ ಜಾಸ್ತಿ ವಿಳಾಸ! ವಿಳಾಸಗಳ ಹೊಸ ಪದ್ಧತಿ ಐಪಿವಿ6 ಬಂದಾಗ ::1 ಅನ್ನುವ ಒಂದೇ ವಿಳಾಸ ಸಾಕಾಯಿತು. 1989ರ ಆರ್‌ಎಫ್‌ಸಿ 1122 ನಿಯಮವನ್ನು ಬಿಗಿ ಮಾಡಿತು: 127ರ ಈ ವಿಳಾಸಗಳು ಯಂತ್ರದಿಂದ ಹೊರಗೆ ಕಾಣಿಸಲೇಬಾರದು. ಒಂದು ಯಂತ್ರಕ್ಕೆ ಒಂದೇ ಆಪರೇಟಿಂಗ್ ಸಿಸ್ಟಂ ಇದ್ದಾಗ ಇದರಲ್ಲಿ ಗೊಂದಲವೇ ಇರಲಿಲ್ಲ.

2007ರಲ್ಲಿ ವರ್ಚುವಲ್ ಮಷೀನ್ ಓಡಿಸುವ ಕೆವಿಎಂ, ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) 2.6.20ರ ಭಾಗವಾಯಿತು. ಒಂದೇ ಯಂತ್ರದಲ್ಲಿ ಹಲವು ಗೆಸ್ಟ್ ಓಡಿಸುವುದು ಸುಲಭವಾಯಿತು. ಪ್ರತಿ ಗೆಸ್ಟ್‌ಗೂ ಅದರದೇ ಕರ್ನಲ್, ಅದರದೇ 'ಲೋ' (lo) ಎಂಬ ಲೂಪ್‌ಬ್ಯಾಕ್ ಇಂಟರ್‌ಫೇಸ್. 127.0.0.1 ಅನ್ನುವುದು "ನಾನು" ಅನ್ನುವ ಮಾತಿನ ಹಾಗೆ. ಯಾರು ಹೇಳುತ್ತಾರೋ ಅವರೇ.

ಪೋರ್ಟ್ ಫಾರ್ವರ್ಡ್ ಮಾಡಿದ (ಹೋಸ್ಟ್‌ಗೆ ಬಂದ ಕನೆಕ್ಷನ್ ಅನ್ನು ಗೆಸ್ಟ್‌ಗೆ ದಾಟಿಸಿದ) ಮೇಲೂ ಜನ ಎಡವುವುದು ಇಲ್ಲೇ. ವರ್ಚುವಲ್ ಮಷೀನ್ ಓಡಿಸುವ ವರ್ಚುವಲ್‌ಬಾಕ್ಸ್‌ನ ನ್ಯಾಟ್‌ನಲ್ಲಿ (ಹೋಸ್ಟ್‌ನ ಹಿಂದೆ ನಿಂತು ಹೊರಗೆ ಹೋಗುವ ವ್ಯವಸ್ಥೆ) ಗೆಸ್ಟ್‌ನ ನೆಟ್‌ವರ್ಕ್ ಕಾರ್ಡ್‌ಗೆ ಸಾಮಾನ್ಯವಾಗಿ 10.0.2.15 ಸಿಗುತ್ತದೆ. ಫಾರ್ವರ್ಡ್ ಆದ ಕನೆಕ್ಷನ್ ಆ ಕಾರ್ಡ್ ಮೂಲಕ ಒಳಗೆ ಬರುತ್ತದೆ, 'ಲೋ' ಮೂಲಕ ಅಲ್ಲ. ಸರ್ವರ್ 127.0.0.1ರಲ್ಲಿ ಮಾತ್ರ ಕಾಯುತ್ತಿದ್ದರೆ ಆ ಕನೆಕ್ಷನ್ ಅದಕ್ಕೆ ಮುಟ್ಟುವುದೇ ಇಲ್ಲ. ಗೆಸ್ಟ್‌ನಲ್ಲಿ 'ಎಸ್‌ಎಸ್' (ss) ಕಮಾಂಡ್ ಓಡಿಸಿ, ಸರ್ವರ್ ಯಾವ ವಿಳಾಸದಲ್ಲಿ ಕಾಯುತ್ತಿದೆ ಎಂದು ಮೊದಲು ನೋಡಿ. ಸುಮ್ನೆ 0.0.0.0 ಹಾಕಿದರೆ ಕೆಲಸ ಆಗುತ್ತದೆ, ಆದರೆ ಆಗ ಸರ್ವರ್ ಎಲ್ಲ ಇಂಟರ್‌ಫೇಸ್‌ಗೂ ತೆರೆದುಕೊಳ್ಳುತ್ತದೆ. ಬೇಕಾದ ವಿಳಾಸವನ್ನಷ್ಟೇ ಕೊಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಡೆಬಿಯನ್ ಎಂಬ ಲಿನಕ್ಸ್ ಹಾಕಿದ ಗೆಸ್ಟ್‌ಗಳಲ್ಲಿ ಇನ್ನೊಂದು ಸುಳಿ ಇದೆ. ಯಾವ ಹೆಸರಿಗೆ ಯಾವ ವಿಳಾಸ ಎಂದು ಹೇಳುವ ಹೋಸ್ಟ್ಸ್ ಫೈಲ್‌ನಲ್ಲಿ (/etc/hosts) ಯಂತ್ರದ ಹೆಸರಿಗೆ ಸಾಮಾನ್ಯವಾಗಿ 127.0.1.1 ಎಂದು ಬರೆದಿರುತ್ತದೆ. ಕ್ಲಸ್ಟರ್ (ಒಟ್ಟಾಗಿ ಕೆಲಸ ಮಾಡುವ ಯಂತ್ರಗಳ ಗುಂಪು) ಕಟ್ಟುವಾಗ ಒಂದು ಗೆಸ್ಟ್ ತನ್ನ ಹೆಸರಿನಿಂದ ಸಿಕ್ಕ ಈ ವಿಳಾಸವನ್ನೇ ಉಳಿದವಕ್ಕೆ ಹಂಚಿಬಿಡಬಹುದು. ಅವು ಅದನ್ನು ಕರೆಯಲು ಹೋಗಿ ತಮ್ಮನ್ನೇ ಕರೆದುಕೊಳ್ಳುತ್ತವೆ. ಲಾಗ್ ನೋಡಿದರೆ ತಲೆ ಕೆಡುತ್ತದೆ, ಯಾಕಂದರೆ ವಿಳಾಸ ಸರಿಯಾಗಿಯೇ ಕಾಣುತ್ತದೆ.

'ಲೋ' ಕೆಟ್ಟಿರುವುದು ಅಪರೂಪ. ಲಿನಕ್ಸ್ ಶುರುವಾಗುವಾಗ ಸೇವೆಗಳನ್ನು ಏಳಿಸುವ ಸಿಸ್ಟಂಡಿ (systemd) ಅದನ್ನು ತಾನೇ ಎಬ್ಬಿಸುತ್ತದೆ. ಕೈಯಾರೆ ಕಟ್ಟಿದ ಪುಟ್ಟ ಗೆಸ್ಟ್‌ನಲ್ಲಿ ಅಥವಾ ಹೊಸ ನೆಟ್‌ವರ್ಕ್ ನೇಮ್‌ಸ್ಪೇಸ್‌ನಲ್ಲಿ (ಒಂದೇ ಕರ್ನಲ್ ಒಳಗೆ ಬೇರ್ಪಡಿಸಿದ ನೆಟ್‌ವರ್ಕ್) ಮಾತ್ರ ಅದು ಮಲಗಿರಬಹುದು. ಆಗ 'ಐಪಿ ಲಿಂಕ್ ಸೆಟ್ ಲೋ ಅಪ್' (ip link set lo up) ಕಮಾಂಡ್ ಸಾಕು.

ಮೈಕ್ರೋಸಾಫ್ಟ್‌ಗೂ ಇದೇ ಗೋಡೆ ಎದುರಾಯಿತು. ವಿಂಡೋಸ್ ಒಳಗೆ ಲಿನಕ್ಸ್ ಪ್ರೋಗ್ರಾಂ ಓಡಿಸುವ ಡಬ್ಲ್ಯೂಎಸ್‌ಎಲ್‌ನ 2016ರ ಮೊದಲ ಆವೃತ್ತಿಯಲ್ಲಿ ವರ್ಚುವಲ್ ಮಷೀನ್ ಇರಲಿಲ್ಲ, ಲೋಕಲ್‌ಹೋಸ್ಟ್ (127.0.0.1ರ ಹೆಸರು) ವಿಂಡೋಸ್, ಲಿನಕ್ಸ್ ಎರಡಕ್ಕೂ ಒಂದೇ. 2019ರಲ್ಲಿ ಎರಡನೆಯ ಆವೃತ್ತಿ ವರ್ಚುವಲ್ ಮಷೀನ್ ಒಳಗೆ ನಿಜವಾದ ಲಿನಕ್ಸ್ ಕರ್ನಲ್ ತಂದಿತು, ಲೋಕಲ್‌ಹೋಸ್ಟ್ ಎರಡಾಯಿತು. ವಿಂಡೋಸ್‌ನಿಂದ ಲೋಕಲ್‌ಹೋಸ್ಟ್ ಹಾಕಿ ಲಿನಕ್ಸ್‌ಗೆ ಹೋಗುವ ದಾರಿ ಅದೇ ವರ್ಷ ಸಿಕ್ಕಿತು. ಲಿನಕ್ಸ್ ಕಡೆಯಿಂದ 127.0.0.1 ಹಾಕಿ ವಿಂಡೋಸ್ ತಲುಪಲು ವಿಂಡೋಸ್‌ನ ನೆಟ್‌ವರ್ಕ್ ಅನ್ನೇ ಲಿನಕ್ಸ್‌ಗೂ ಕಾಣಿಸುವ 2023ರ ಮಿರರ್ಡ್ ಮೋಡ್ ಬರಬೇಕಾಯಿತು.