ಟಂಡ್ರಾದ ಹಸಿರು, ಹಕ್ಕಿಯ ಗಡಿಯಾರ: ಗೊಂದಲ ಬಿಡಿಸಿಕೊಂಡ ಟಿಪ್ಪಣಿ

ಉತ್ತರ ಧ್ರುವದ ಸುತ್ತಲಿನ ಶೀತ ಬಯಲಾದ ಟಂಡ್ರಾ ಈಗ ಬೇಗ ಹಸಿರಾಗುತ್ತಿದೆ, ಆದರೆ ದೂರದಿಂದ ಅಲ್ಲಿಗೆ ಮರಿ ಮಾಡಲು ಬರುವ ವಲಸೆ ಹಕ್ಕಿಗಳ ಮರಿಗಳು ಸೊರಗುತ್ತಿವೆ ಎನ್ನುತ್ತದೆ ನಮ್ಮ ಪಾಠ. ಅದನ್ನು ಮೂರು ಸಲ ಓದಿದರೂ ಒಂದು ಪ್ರಶ್ನೆ ಹಾಗೇ ಉಳಿದಿತ್ತು. ಟಂಡ್ರಾ ಬೇಗ ಹಸಿರಾದರೆ ಹಕ್ಕಿಗಳಿಗೆ ಒಳ್ಳೆಯದೇ ಅಲ್ಲವೇ? ಮೇವು ಬೇಗ ಸಿಗುತ್ತದೆ, ಹುಳು ಬೇಗ ಏಳುತ್ತವೆ, ಬೇಸಿಗೆ ಉದ್ದವಾಗುತ್ತದೆ. ಮತ್ತೆ ಮರಿಗಳು ಸೊರಗುವುದೇಕೆ? ನಿನ್ನೆ ರಾತ್ರಿ ಹಾಳೆಯ ಮೇಲೆ ದಿನಾಂಕಗಳನ್ನು ಬರೆದು ಎಣಿಸಿದ ಮೇಲೆ ಗಂಟು ಬಿಚ್ಚಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಹಿನ್ನೆಲೆ, ಚುಟುಕಾಗಿ

1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಭೂಮಿಯ ಸರಾಸರಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ಟಂಡ್ರಾದಲ್ಲಿ ಮರವಿಲ್ಲ. ಅಲ್ಲಿರುವುದು ಹಾವಸೆ, ಕಲ್ಲುಹೂವು, ಜೊಂಡು, ಹತ್ತಿಹುಲ್ಲು, ಕುಳ್ಳ ಬರ್ಚ್ ಮತ್ತು ವಿಲ್ಲೋ ಪೊದೆಗಳು. ಕೆಳಗೆ ವರ್ಷಪೂರ್ತಿ ಹೆಪ್ಪುಗಟ್ಟಿದ ನೆಲ, ಅಂದರೆ ಪರ್ಮಾಫ್ರಾಸ್ಟ್. ಬೇಸಿಗೆಯಲ್ಲಿ ಕರಗುವ ಮೇಲ್ಪದರದಲ್ಲೇ ಬೇರುಗಳ ಸಂಸಾರ ನಡೆಯಬೇಕು. ಇಷ್ಟು ಗೊತ್ತಿದ್ದರೆ ಮುಂದಿನದು ಹಿಡಿಯುತ್ತದೆ.

ಪೊದೆ ನೆಲವನ್ನು ಬಿಸಿ ಮಾಡುತ್ತದೋ, ತಂಪು ಮಾಡುತ್ತದೋ?

ಉತ್ತರ ಅಲಾಸ್ಕಾದಲ್ಲಿ 1940ರ ದಶಕದಲ್ಲಿ ವಿಮಾನದಿಂದ ತೆಗೆದ ಚಿತ್ರಗಳಿದ್ದವು. 2000ದ ಆಸುಪಾಸಿನಲ್ಲಿ ಅದೇ ಜಾಗಗಳನ್ನು ಮತ್ತೆ ಚಿತ್ರ ತೆಗೆದು ಹೋಲಿಸಿದಾಗ ಪೊದೆಗಳು ಎತ್ತರವಾಗಿ, ಒತ್ತಾಗಿ, ಹೊಸ ಜಾಗಗಳಿಗೂ ಹಬ್ಬಿದ್ದು ಕಂಡಿತು. 1990ರಲ್ಲಿ ಶುರುವಾದ ಅಂತರರಾಷ್ಟ್ರೀಯ ಟಂಡ್ರಾ ಪ್ರಯೋಗದಲ್ಲಿ ಗಿಡಗಳ ಸುತ್ತ ಮೇಲ್ಭಾಗ ತೆರೆದ ಪುಟ್ಟ ಪಾರದರ್ಶಕ ಗೂಡುಗಳನ್ನಿಟ್ಟು, ಗಾಳಿಯನ್ನು ಒಂದರಿಂದ ಮೂರು ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಾಗಿಸಿ ನೋಡುತ್ತಾರೆ. ಅಲ್ಲಿಯೂ ಇದೇ ಒಲವು: ಪೊದೆಗಳು ಮೇಲೇಳುತ್ತವೆ, ಹಾವಸೆ ಮತ್ತು ಕಲ್ಲುಹೂವು ನೆರಳಿಗೆ ಸಿಕ್ಕಿ ಹಿಂದೆ ಬೀಳುತ್ತವೆ.

ನಾನು ಸಿಕ್ಕಿಬಿದ್ದದ್ದು ಇದರ ಮುಂದಿನ ವಾಕ್ಯದಲ್ಲಿ. ಒಂದು ಕಡೆ 'ಪೊದೆ ನೆಲವನ್ನು ಬೆಚ್ಚಗಿಡುತ್ತದೆ' ಎಂದಿತ್ತು, ಇನ್ನೊಂದು ಕಡೆ 'ಪೊದೆ ನೆಲವನ್ನು ತಂಪಾಗಿಡುತ್ತದೆ'. ಎರಡೂ ಸರಿ. ವಾಕ್ಯದ ಮೊದಲು ಋತುವಿನ ಹೆಸರು ಸೇರಿಸಿ ಓದಬೇಕು, ಅಷ್ಟೇ.

ಚಳಿಗಾಲದಲ್ಲಿ ಬಯಲಿನ ಹಿಮವನ್ನು ಗಾಳಿ ಹೊತ್ತೊಯ್ಯುತ್ತದೆ. ಪೊದೆ ಇದ್ದಲ್ಲಿ ಅದು ಸಿಕ್ಕಿಕೊಂಡು ದಪ್ಪವಾಗುತ್ತದೆ. ದಪ್ಪ ಹಿಮ ಕಂಬಳಿಯಂತೆ, ಕೆಳಗಿನ ನೆಲ ಅಷ್ಟು ಕೊರೆಯುವುದಿಲ್ಲ. ಸೂಕ್ಷ್ಮಾಣುಗಳು ಚಳಿಯಲ್ಲೂ ಒಂದಿಷ್ಟು ಕೆಲಸ ಮಾಡಿ ಸಾರಜನಕವನ್ನು ಬಿಡುಗಡೆ ಮಾಡುತ್ತವೆ. ಆ ಸಾರಜನಕ ತಿಂದು ಪೊದೆ ಇನ್ನಷ್ಟು ಬೆಳೆಯುತ್ತದೆ, ಇನ್ನಷ್ಟು ಹಿಮ ಹಿಡಿಯುತ್ತದೆ.

ಬೇಸಿಗೆಯಲ್ಲಿ ಎಲೆಯ ನೆರಳಿನಿಂದ ನೆಲಕ್ಕೆ ಬಿಸಿಲು ಕಡಿಮೆ ಬೀಳುತ್ತದೆ. ಈಶಾನ್ಯ ಸೈಬೀರಿಯಾದಲ್ಲಿ ಇಂಡಿಗಿರ್ಕಾ ನದಿಯ ತಗ್ಗುಪ್ರದೇಶದಲ್ಲಿ ಕುಳ್ಳ ಬರ್ಚನ್ನು ಕತ್ತರಿಸಿ ನೋಡಿದಾಗ ನೆಲ ಮೊದಲಿಗಿಂತ ಆಳಕ್ಕೆ ಕರಗಿತು. ಕೆಲವು ವರ್ಷಗಳಲ್ಲಿ ಅಲ್ಲಿ ನೆಲವೇ ಕುಸಿದು ನೀರು ನಿಂತಿತು. ಹಾಗಂತ 'ಪೊದೆ ಬಂದರೆ ಪರ್ಮಾಫ್ರಾಸ್ಟ್ ಉಳಿಯುತ್ತದೆ' ಎಂದು ಬರೆದರೆ ತಪ್ಪು. ಹಿಮದ ಮೇಲೆ ತಲೆಯೆತ್ತಿ ನಿಲ್ಲುವ ಕಪ್ಪು ಕೊಂಬೆಗಳು ವಸಂತದಲ್ಲಿ ಬಿಸಿಲು ಹೀರಿ ಸುತ್ತಲ ಗಾಳಿಯನ್ನು ಬಿಸಿ ಮಾಡುತ್ತವೆ. ನಾನು ನೆನಪಿಟ್ಟುಕೊಂಡದ್ದು ಹೀಗೆ: ಚಳಿಯಲ್ಲಿ ಕಂಬಳಿ, ವಸಂತದಲ್ಲಿ ಕಪ್ಪು ಕೊಂಬೆ, ಬೇಸಿಗೆಯಲ್ಲಿ ಕೊಡೆ.

ಹಸಿರು ಎಂದರೆ ಮೇವಲ್ಲ

ಟಂಡ್ರಾ ಹಸಿರಾಗುತ್ತಿದೆ ಎಂದು ತೋರಿಸುವ ಉಪಗ್ರಹ ಅಳೆಯುವುದು ಎಲೆ ಎಷ್ಟಿದೆ ಎಂಬುದನ್ನು. ಹೆಬ್ಬಾತಿನ ಮರಿಗೆ ಬೇಕಾದದ್ದು ಈಗಷ್ಟೇ ಮೊಳೆತ ಹುಲ್ಲು ಮತ್ತು ಜೊಂಡಿನ ಎಳೆ ಚಿಗುರು. ಅದರಲ್ಲಿ ಸಾರಜನಕ ಹೆಚ್ಚು, ನಾರು ಕಡಿಮೆ. ಚಿಗುರು ಬಲಿತಂತೆ ಲೆಕ್ಕ ತಿರುಗುಮುರುಗಾಗುತ್ತದೆ. ಆದ್ದರಿಂದ ನೆಲ ಅತ್ಯಂತ ಹಸಿರಾಗಿ ಕಾಣುವ ವಾರಕ್ಕೆ ಮೇವಿನ ಸತ್ವ ಆಗಲೇ ಇಳಿಯುತ್ತಿರುತ್ತದೆ. ನನ್ನ ಹಳೆಯ ಟಿಪ್ಪಣಿಯಲ್ಲಿ 'ಹಸಿರು ಹೆಚ್ಚಿತು, ಆಹಾರ ಹೆಚ್ಚಿತು' ಎಂದಿತ್ತು. ಅದನ್ನು ಹೊಡೆದುಹಾಕಿದೆ.

ಬೇಗ ಬಂದರೆ ಆಯಿತಲ್ಲ?

ನಾನು ಅತಿ ಹೆಚ್ಚು ಹೊತ್ತು ಕೂತದ್ದು ಇಲ್ಲಿ. ಹಿಮ ಬೇಗ ಕರಗುತ್ತಿದ್ದರೆ ಹಕ್ಕಿಯೂ ಬೇಗ ಹೊರಟುಬಿಡಬಹುದಲ್ಲ ಎಂದುಕೊಂಡಿದ್ದೆ.

ಮೊದಲ ಅಡ್ಡಿ ಸುಲಭ. ಸಾವಿರಾರು ಕಿಲೋಮೀಟರ್ ದೂರದಲ್ಲಿರುವ ಹಕ್ಕಿಗೆ ಟಂಡ್ರಾದ ಈ ವರ್ಷದ ಹವೆ ಗೊತ್ತಾಗುವ ದಾರಿಯಿಲ್ಲ. ಅದನ್ನು ಹೊರಡಿಸುವುದು ಮೈಯೊಳಗಿನ ವಾರ್ಷಿಕ ಲಯ ಮತ್ತು ಹಗಲಿನ ಉದ್ದ. ಎಷ್ಟೇ ಬಿಸಿಯಾದರೂ ಹಗಲಿನ ಉದ್ದ ಬದಲಾಗದು. ಗಿಡ ಹಿಮ ಕರಗಿದ್ದನ್ನು ನೋಡಿ ಏಳುತ್ತದೆ, ಹಕ್ಕಿ ಸೂರ್ಯನನ್ನು ನೋಡಿ ಹೊರಡುತ್ತದೆ.

ಎರಡನೆಯ ಅಡ್ಡಿ ಬಾರ್ನಕಲ್ ಹೆಬ್ಬಾತುಗಳ ಅಧ್ಯಯನದಲ್ಲಿದೆ. ಇವು ಉತ್ತರ ಸಮುದ್ರದ ತೀರದಲ್ಲಿ ಚಳಿಗಾಲ ಕಳೆದು ರಷ್ಯಾದ ಬ್ಯಾರೆಂಟ್ಸ್ ಸಮುದ್ರದ ತೀರಕ್ಕೆ ಮರಿ ಮಾಡಲು ಹೋಗುತ್ತವೆ. ವಸಂತ ಬೇಗ ಬಂದ ವರ್ಷಗಳಲ್ಲಿ ದಾರಿಯ ತಂಗುದಾಣಗಳನ್ನು ಬಿಟ್ಟು, ಹೆಚ್ಚುಕಡಿಮೆ ಒಂದೇ ಉಸಿರಿಗೆ ಹಾರಿ ಬೇಗ ತಲುಪಿದವು. ಅಂದರೆ ಹಕ್ಕಿ ಹೊಂದಿಕೊಂಡಿತು ಎಂದು ಇಲ್ಲಿಗೇ ಪುಸ್ತಕ ಮುಚ್ಚಿದ್ದೆ. ಆದರೆ ಮೊಟ್ಟೆ ಮಾತ್ರ ಅಷ್ಟು ಬೇಗ ಬರಲಿಲ್ಲ.

ಯಾಕೆಂದು ತಿಳಿಯಲು ಒಂದು ಕಾಲ್ಪನಿಕ ಲೆಕ್ಕ ಮಾಡಿಕೊಂಡೆ. ದಿನಾಂಕಗಳು ನಾನೇ ಇಟ್ಟುಕೊಂಡವು.

ಮಾಮೂಲಿ ವರ್ಷ: ಹೆಬ್ಬಾತು ದಾರಿಯಲ್ಲಿ ತಿಂದು ಮೈತುಂಬಿಕೊಂಡು ಜೂನ್ 1ಕ್ಕೆ ಬರುತ್ತದೆ. ಜೂನ್ 4ಕ್ಕೆ ಮೊದಲ ಮೊಟ್ಟೆ, ದಿನಕ್ಕೊಂದರಂತೆ 7ಕ್ಕೆ ನಾಲ್ಕನೆಯದು. 25 ದಿನ ಕಾವು. ಜುಲೈ 2ಕ್ಕೆ ಮರಿ. ಚಿಗುರಿನ ಸತ್ವ ತುತ್ತತುದಿಯಲ್ಲಿರುವುದೂ ಜುಲೈ 2ಕ್ಕೇ ಎಂದುಕೊಳ್ಳಿ.

ಬೆಚ್ಚನೆಯ ವರ್ಷ: ಚಿಗುರಿನ ಸತ್ವ ತುತ್ತತುದಿ ಮುಟ್ಟುವ ದಿನ ಹತ್ತು ದಿನ ಹಿಂದಕ್ಕೆ ಸರಿದು ಜೂನ್ 22 ಆಯಿತು. ಹೆಬ್ಬಾತು ಎಲ್ಲೂ ನಿಲ್ಲದೆ ಹಾರಿ ಮೇ 22ಕ್ಕೇ ಬಂತು, ಹತ್ತು ದಿನ ಉಳಿಸಿತು. ಆದರೆ ಕೊಬ್ಬೆಲ್ಲ ಕರಗಿದೆ. ಮೊಟ್ಟೆ ಕಟ್ಟಲು ಮೈಯಲ್ಲಿ ಏನೂ ಇಲ್ಲ. ಹತ್ತು ದಿನ ಮೇಯ್ದು ಜೂನ್ 1ಕ್ಕೆ ಮೊದಲ ಮೊಟ್ಟೆ, 4ಕ್ಕೆ ಕೊನೆಯದು, ಅದೇ 25 ದಿನ ಕಾವು. ಮರಿ ಹೊರಬಂದದ್ದು ಜೂನ್ 29ಕ್ಕೆ.

ಬಂದದ್ದು ಹತ್ತು ದಿನ ಬೇಗ, ಮರಿಯಾದದ್ದು ಮೂರೇ ದಿನ ಬೇಗ, ಚಿಗುರಿಗೆ ಏಳು ದಿನ ತಡ. ಪ್ರಯಾಣವನ್ನು ಕುಗ್ಗಿಸಬಹುದು, ಆದರೆ ಅಲ್ಲಿ ಉಳಿಸಿದ ದಿನ ಮೈ ತುಂಬಿಕೊಳ್ಳುವುದಕ್ಕೆ ಖರ್ಚಾಗುತ್ತದೆ. ಕಾವಿನ ದಿನಗಳನ್ನಂತೂ ಕುಗ್ಗಿಸಲಾಗದು. ನಾನು ಇಷ್ಟು ದಿನ ಹಕ್ಕಿ ಬಂದ ದಿನವನ್ನು ಹಿಮ ಕರಗಿದ ದಿನದ ಪಕ್ಕ ಇಟ್ಟು ನೋಡುತ್ತಿದ್ದೆ. ಇಡಬೇಕಾದದ್ದು ಮರಿ ಹೊರಬರುವ ದಿನವನ್ನು, ಆಹಾರ ತುದಿ ಮುಟ್ಟುವ ದಿನದ ಪಕ್ಕ. ನಿಜವಾದ ಹೆಬ್ಬಾತುಗಳಲ್ಲೂ ಹೀಗೆ ತಡವಾಗಿ ಹುಟ್ಟಿದ ಮರಿಗಳು ಕಡಿಮೆ ಬದುಕುಳಿದವು.

ಬೆಲೆ ತೆರುವ ಜಾಗ ಬೇರೆ

ರೆಡ್ ನಾಟ್ ಗೊರವ ಕುಟುಂಬದ ಹಕ್ಕಿ. ಇದರ ಮರಿಗೆ ತಂದೆತಾಯಿ ಗುಟುಕು ಕೊಡುವುದಿಲ್ಲ. ಹುಟ್ಟಿದ ದಿನವೇ ಓಡಾಡಿ ಹುಳು ಹೆಕ್ಕಬೇಕು. ಇವುಗಳ ಒಂದು ಬಳಗ ಸೈಬೀರಿಯಾದ ತೈಮಿರ್‌ನಲ್ಲಿ ಹುಟ್ಟಿ, ಸುಮಾರು 9,000 ಕಿ.ಮೀ. ಹಾರಿ ಪಶ್ಚಿಮ ಆಫ್ರಿಕಾದ ಮಾರಿಟೇನಿಯಾದ ಬಾಂಕ್ ದಾರ್ಗ್ಯಾಂ ಕೆಸರುದಂಡೆಗೆ ಹೋಗುತ್ತದೆ. ತೈಮಿರ್‌ನಲ್ಲಿ ಮೂರು ದಶಕಗಳಲ್ಲಿ ಹಿಮ ವರ್ಷಕ್ಕೆ ಅರ್ಧ ದಿನದಂತೆ ಬೇಗ ಕರಗುತ್ತ ಬಂದಿದೆ. 2016ರಲ್ಲಿ ಪ್ರಕಟವಾದ ಅಧ್ಯಯನದವರು ದಾರಿಮಧ್ಯೆ ಪೋಲೆಂಡಿನ ಗ್ಡಾನ್ಸ್ಕ್ ಕೊಲ್ಲಿಯಲ್ಲಿ ಹಿಡಿದ ಎಳೆಯ ಹಕ್ಕಿಗಳ ಅಳತೆಗಳನ್ನು ನೋಡಿದರು. ಹಿಮ ಬೇಗ ಕರಗಿದ ವರ್ಷ ಹುಟ್ಟಿದವುಗಳ ಮೈ ಚಿಕ್ಕದು, ಕೊಕ್ಕು ಮೋಟು.

ಕೊಕ್ಕು ಮೋಟಾದರೆ ಏನಾಯಿತು? ಮಾರಿಟೇನಿಯಾದಲ್ಲಿ ಒಳ್ಳೆಯ ಆಹಾರವಾದ ಲೋರಿಪೆಸ್ ಎಂಬ ಚಿಪ್ಪುಜೀವಿ ಕೆಸರಿನ ಆಳದಲ್ಲಿರುತ್ತದೆ. ಮೋಟು ಕೊಕ್ಕು ಅಲ್ಲಿಗೆ ಎಟುಕದು. ಅಂಥ ಹಕ್ಕಿಗಳು ಕಡಲಹುಲ್ಲಿನ ಬೇರುಗಡ್ಡೆ ತಿಂದು ದಿನ ದೂಡುತ್ತವೆ, ಮೊದಲ ವರ್ಷ ಹೆಚ್ಚು ಸಾಯುತ್ತವೆ. ಟಂಡ್ರಾದಲ್ಲಿ ಹಸಿದ ಮರಿಯ ಸಾವು ಉಷ್ಣವಲಯದಲ್ಲಿ ಎಣಿಕೆಗೆ ಸಿಗುತ್ತದೆ. ಇದನ್ನು ಓದಿದ ದಿನ ನನಗೆ ಬೇರೇನೂ ಓದಲಾಗಲಿಲ್ಲ.

ಬಿಡಿ ಟಿಪ್ಪಣಿಗಳು

ಎಲ್ಲ ಹಕ್ಕಿಗೂ ನಷ್ಟವಲ್ಲ. ಅಲಾಸ್ಕಾದಲ್ಲಿ ಬಿಳಿನೆತ್ತಿಯ ಗುಬ್ಬಿ ಪೊದೆಗಳಲ್ಲಿ ಗೂಡು ಕಟ್ಟುವುದರಿಂದ ಅದಕ್ಕೆ ಜಾಗ ಹೆಚ್ಚುತ್ತದೆ. ಬಯಲನ್ನೇ ನೆಚ್ಚಿದ ಲ್ಯಾಪ್‌ಲ್ಯಾಂಡ್ ಲಾಂಗ್‌ಸ್ಪರ್‌ಗೆ ಕುಗ್ಗುತ್ತದೆ. ಬೆಚ್ಚನೆಯ ಗಾಳಿಯಲ್ಲಿ ಮರಿ ತಾಯಿಯ ರೆಕ್ಕೆಯಡಿ ಕೂರುವ ಹೊತ್ತು ಕಡಿಮೆ, ಹುಳು ಹೆಕ್ಕಲು ಸಮಯ ಹೆಚ್ಚು. ಹುಳುವಿನ ಕೊರತೆಯನ್ನು ಇದು ಸ್ವಲ್ಪ ಮಟ್ಟಿಗೆ ತುಂಬಿಕೊಡುತ್ತದೆ.

ಕೊನೆಯದಾಗಿ, 'ಬಿಸಿಯಾಗುವುದು' ಎಂದರೆ ಪ್ರತಿ ವರ್ಷ ಬೇಗ ಕರಗುವುದು ಎಂದಲ್ಲ. ಈಶಾನ್ಯ ಗ್ರೀನ್‌ಲ್ಯಾಂಡಿನ ಜಾಕೆನ್‌ಬರ್ಗ್‌ನಲ್ಲಿ 1996ರಿಂದ 2005ರ ನಡುವೆ ಗಿಡ, ಹುಳು, ಹಕ್ಕಿಗಳ ವಸಂತದ ಚಟುವಟಿಕೆ ಸರಾಸರಿ ಎರಡು ವಾರದಷ್ಟು ಮುಂಚಿತವಾಗಿತ್ತು. ಅದೇ ಜಾಗದಲ್ಲಿ 2018ರಲ್ಲಿ ಹಿಮ ಎಷ್ಟು ಬಿದ್ದು ಎಷ್ಟು ತಡವಾಗಿ ಕರಗಿತೆಂದರೆ, ಬಂದಿಳಿದ ಹಕ್ಕಿಗಳಿಗೆ ಗೂಡಿಗೆ ಬರಿನೆಲವೇ ಸಾಲಲಿಲ್ಲ. ಆ ಬೇಸಿಗೆ ಹೆಚ್ಚಿನ ಗಿಡ, ಹಕ್ಕಿ, ಪ್ರಾಣಿಗಳ ಸಂತತಿ ಬೆಳೆಯಲೇ ಇಲ್ಲ.